ಮೂಕ ಸ್ಪೀಕರ್

"ಎಲ್ಲರೂ ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಕೂತಿರಿ," ಎಂದಳು ಸಿಡುಕಿ. ಅವಳ ತಲೆ ಆಂಪ್ಲಿಫೈಯರಿನ ಹಿಂದೆ ಇತ್ತು. ಹೊರಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ. "ನಾನು ಕೇಳಿಸ್ಕೋಬೇಕು."

ಹೋಮ್ ಥಿಯೇಟರಿನ ದಪ್ಪ ಬಾಗಿಲು ಮುಚ್ಚಿತ್ತು. ಒಳಗಿದ್ದವರು ಸುಮ್ಮನಾದರು. ಆಗ ಅದು ಕೇಳಿಸಿತು. ಗುಂಯ್ ಎಂಬ ಒಂದೇ ಸಮನಾದ ಸದ್ದು, ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ಸಿನಿಮಾ ಹಾಕಿರಲಿಲ್ಲ, ಹಾಡು ಹಾಕಿರಲಿಲ್ಲ. ಸ್ವಿಚ್ ಒತ್ತಿದ್ದಷ್ಟೇ.

"ನಾನು ಮಾಡಿದ ಕೆಲಸ ಹೀಗೆ ಗೊಣಗಲ್ಲ," ಎಂದು ಅವಳೇ ಗೊಣಗಿದಳು.

ಮೂಲೆಯ ಕುರ್ಚಿಯಲ್ಲಿದ್ದ ಅವಳ ತಾಯಿ ನಗು ತಡೆದುಕೊಂಡರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರನ್ನು ಊರೆಲ್ಲ ಕರೆಯುತ್ತಿದ್ದದ್ದು ಇನ್ಸ್‌ಪೆಕ್ಟರಮ್ಮ ಎಂದೇ. ಸಣ್ಣದಕ್ಕೂ ಸಿಡುಕುವ ಮಗಳಿಗೆ ಸಿಡುಕಿ ಎಂದು ಹೆಸರಿಟ್ಟವರೂ ಅವರೇ. ಸಿಡುಕಿ ಸೌಂಡ್ ಇಂಜಿನಿಯರಿಂಗ್ ಓದಿದವಳು. ಅವಳು ವೈರು ಎಳೆದ ಕೋಣೆಯಲ್ಲಿ ಕುಳಿತರೆ ಸಿನಿಮಾದಲ್ಲಿ ಬೀಳುವ ಎಲೆಯ ಸದ್ದು ಕೂಡ ಯಾವ ಕಡೆ ಬಿತ್ತು ಎಂದು ಗೊತ್ತಾಗುತ್ತದೆ ಎಂಬ ಮಾತು ಇತ್ತು. ಆ ಮಾತನ್ನು ಅವಳೂ ನಂಬಿದ್ದಳು. ಬಿಂಕ ಮಾಡುವಷ್ಟು ಕೆಲಸ ಗೊತ್ತಿದ್ದವರು ಬಿಂಕ ಮಾಡಲಿ ಬಿಡಿ ಎನ್ನುತ್ತಿದ್ದರು ತಾಯಿ.

ಇವತ್ತು ಆ ಬಿಂಕಕ್ಕೇ ಕುತ್ತು ಬಂದಿತ್ತು.

ಪಾದಚಾರಿ ಸೇತುವೆ ಕುಸಿದು ಜನ ಸತ್ತ ಪ್ರಕರಣದ ತನಿಖಾ ಸಮಿತಿಗೆ ಈ ಮನೆಯ ಇಂಜಿನಿಯರ್ ಮೇಡಂ ಅಧ್ಯಕ್ಷೆ. ಸೇತುವೆಗೆ ಬೆಸುಗೆ ಹಾಕಿದ ವೆಲ್ಡರ್ ಇದೇ ಕೋಣೆಯಲ್ಲಿ ಕುಳಿತು, ಬಾಗಿಲು ಹಾಕಿಸಿಕೊಂಡು, ದಪ್ಪ ತಗಡಿನ ಬದಲು ತೆಳು ತಗಡು ಬಂದಿತ್ತು ಎಂದು ಮೇಡಂಗೆ ಹೇಳಿದ್ದ. ಮರುದಿನ ಬೆಳಿಗ್ಗೆ ಯಾರೋ ಅಪರಿಚಿತ ಅವನ ಮನೆ ಬಾಗಿಲಲ್ಲಿ ನಿಂತು, ಅವನು ಆಡಿದ ಮಾತನ್ನೇ ಅಕ್ಷರ ಬಿಡದೆ ಒಪ್ಪಿಸಿ, ಹೆಂಡತಿ ಮಕ್ಕಳ ಹೆಸರು ಹೇಳಿ ಹೋಗಿದ್ದ. ಇನ್ಸ್‌ಪೆಕ್ಟರಮ್ಮ ಮೇಡಂ ಕೇಳಿಕೊಂಡಂತೆ ಆ ಸಂಸಾರವನ್ನು ರಾತ್ರೋರಾತ್ರಿ ಎಲ್ಲೋ ಬಚ್ಚಿಟ್ಟಿದ್ದರು. ಎಲ್ಲಿ ಎಂದು ಮಗಳಿಗೂ ಹೇಳಿರಲಿಲ್ಲ. ನಾಳೆ ಅವನು ಸಮಿತಿಯ ಮುಂದೆ ಬಹಿರಂಗವಾಗಿ ಸಾಕ್ಷಿ ಹೇಳಬೇಕು.

ಕೋಣೆಯ ಹೊರಗೆ ಕಿವಿಯಿಟ್ಟರೆ ಏನೂ ಕೇಳಿಸುವುದಿಲ್ಲ. ಹಾಗೆ ಕಟ್ಟಿಸಿದ್ದೇ ಸಿಡುಕಿ. ಆದ್ದರಿಂದ ಬೆರಳು ತಿರುಗಿದ್ದೂ ಅವಳ ಕಡೆಗೇ.

"ನಾನು ಆವತ್ತೇ ಹೇಳ್ದೆ," ಎಂದರು ಮೇಡಂ ಅವರ ತಮ್ಮ, ಮಧ್ಯದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು. "ಈ ಕೋಣೆ ಒಳಗೂ ಹೊರಗೂ ಗೊತ್ತಿರೋದು ವೈರ್ ಎಳೆದವರಿಗೆ. ಅಕ್ಕ ನನ್ನ ಮಾತು ಎಲ್ಲಿ ಕೇಳ್ತಾಳೆ."

ದಿನಕ್ಕೊಂದು ಸಿನಿಮಾ ನೋಡದೆ ಅನ್ನ ಇಳಿಯದ ಆತನಿಗೆ ಮನೆಯ ಮಕ್ಕಳು ಟಾಕೀಸು ಎಂದು ಹೆಸರಿಟ್ಟಿದ್ದರು. ಒಳ್ಳೆ ಕಿವಿ ಎಂದರೆ ತನ್ನದೇ ಎಂದು ಹೇಳಿಕೊಂಡು ತಿರುಗುವ ಮನುಷ್ಯ.

ಮೇಡಂ ತಮ್ಮನ ಕಡೆ ಒಂದು ನೋಟ ಬೀರಿದರು. "ಅವಳು ಬಂದಿರೋದು ಸದ್ದು ಸರಿ ಮಾಡೋಕೆ. ಮಾಡಲಿ ಸುಮ್ನಿರು."

ಸಿಡುಕಿ ಎದ್ದು ಕುಳಿತಳು. ಕೆನ್ನೆಗೆ ದೂಳು ಮೆತ್ತಿತ್ತು. ಟಿವಿ ಕೇಬಲ್ಲಿನ ತಂತಿ ಕಿತ್ತಳು. ಗುಂಯ್ ನಿಲ್ಲಲಿಲ್ಲ. ಸಬ್‌ವೂಫರಿನ ಪ್ಲಗ್ ಕಿತ್ತಳು. ನಿಲ್ಲಲಿಲ್ಲ. ಪ್ಲೇಯರ್, ಗೇಮ್ ಡಬ್ಬಿ, ಎಲ್ಲವನ್ನೂ ಬಿಡಿಸಿ ಆಂಪ್ಲಿಫೈಯರನ್ನು ಒಂಟಿ ಮಾಡಿದಳು. ಆಗಲೂ ನಿಲ್ಲಲಿಲ್ಲ.

"ಕರೆಂಟಿನ ವೈರ್ ಪಕ್ಕದಲ್ಲೇ ಸ್ಪೀಕರ್ ವೈರ್ ಹೋಗಿದ್ರೆ ಹೀಗಾಗುತ್ತಂತಲ್ಲ?" ಎಂದು ಮೇಡಂ ಕೇಳಿದರು.

"ಆಗುತ್ತೆ ಮೇಡಂ. ಬೇರೆಯವರ ಕೆಲಸದಲ್ಲಿ. ನಾನು ಎರಡನ್ನೂ ಒಂದೇ ದಾರೀಲಿ ಓಡಿಸಲ್ಲ. ಎದುರು ಸಿಕ್ಕಿದ್ರೆ ಅಡ್ಡ ದಾಟಿಸಿ ಕಳಿಸ್ತೀನಿ." ಅವಳು ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. "ಎಲ್ಲೋ ಎರಡು ಅರ್ತಿಂಗ್ ಒಂದಕ್ಕೊಂದು ಜಗಳ ಆಡ್ತಿವೆ. ಒಂದು ಈ ಕೋಣೇದು. ಇನ್ನೊಂದು ಎಲ್ಲೀದು ಅನ್ನೋದೇ ಪ್ರಶ್ನೆ. ಇದು ಯಾವಾಗಿನಿಂದ ಶುರುವಾಯ್ತು?"

"ಇನ್ವರ್ಟರ್ ಬದಲಾಯಿಸಿದ ಮೇಲೆ. ನಾನು ಊರಲ್ಲಿರಲಿಲ್ಲ. ವಾಪಸ್ ಬಂದು ನೋಡಿದ್ರೆ ಹೀಗೆ."

ಇನ್ಸ್‌ಪೆಕ್ಟರಮ್ಮನ ಕಣ್ಣು ಟಾಕೀಸಿನ ಮೇಲೆ ಹೋಗಿ ಬಂತು.

ಇನ್ನು ಉಳಿದದ್ದು ಸ್ಪೀಕರಿಗೆ ಹೋಗುವ ವೈರುಗಳು. ಸಿಡುಕಿ ಆಂಪ್ಲಿಫೈಯರಿನ ಬೆನ್ನಿನಿಂದ ಒಂದೊಂದೇ ಜೋಡಿಯನ್ನು ಬಿಚ್ಚುತ್ತ, ಕೇಳುತ್ತ, ಮತ್ತೆ ಸಿಕ್ಕಿಸುತ್ತ ಹೋದಳು. ಎದುರಿನ ಎಡ, ನಡು, ಬಲ. ಗುಂಯ್. ಹಿಂದಿನ ಎಡ. ಗುಂಯ್. ಹಿಂದಿನ ಬಲದ ಜೋಡಿ ಬಿಚ್ಚಿದಳು.

ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು.

ಸಿಡುಕಿ ಅಲುಗಾಡಲಿಲ್ಲ. ಆ ಜೋಡಿಯನ್ನು ಮತ್ತೆ ಮುಟ್ಟಿಸಿದಳು. ಕೋಣೆ ತುಂಬ ಗುಂಯ್. ತೆಗೆದಳು. ನಿಶ್ಶಬ್ದ.

ಜೇಬಿನಿಂದ ಟಾರ್ಚಿನ ಒಂದು ಸೆಲ್ಲು ತೆಗೆದು ಅದೇ ಜೋಡಿಯ ತುದಿಗಳಿಗೆ ಮುಟ್ಟಿಸಿ ಬಿಟ್ಟಳು. ಹಾಗೆ ಮಾಡಿದರೆ ವೈರಿನ ಆ ತುದಿಯ ಸ್ಪೀಕರು ಟಪ್ ಎನ್ನಬೇಕು. ಹಿಂದಿನ ಬಲದ ಸ್ಪೀಕರು ಚಕಾರ ಎತ್ತಲಿಲ್ಲ. ಏಣಿ ಹತ್ತಿ, ಸ್ಪೀಕರಿನ ಬೆನ್ನಿನಲ್ಲಿ ವೈರು ಬಿಚ್ಚಿ, ಸೆಲ್ಲನ್ನು ನೇರವಾಗಿ ಅದಕ್ಕೇ ಮುಟ್ಟಿಸಿದಳು. ಟಪ್ ಎಂದಿತು.

ಸ್ಪೀಕರು ಚೆನ್ನಾಗಿತ್ತು. ವೈರಿನ ಎರಡು ತುದಿಯೂ ಚೆನ್ನಾಗಿದ್ದವು. ಕೆಟ್ಟದ್ದು ನಡುವೆ ಎಲ್ಲೋ.

ಸ್ಪೀಕರಿನ ವೈರನ್ನು ಮತ್ತೆ ಹಾಕಿ, ಏಣಿಯನ್ನು ಪಕ್ಕಕ್ಕೆ ಸರಿಸಿ, ಚಾವಣಿಯ ಒಂದು ಸಣ್ಣ ಬಿಳಿ ಮುಚ್ಚಳವನ್ನು ತೆಗೆದಳು. ಒಳಗೆ ಬೆಳಕು ಬಿಟ್ಟಳು. ಅವಳು ಅಲ್ಲಿ ಬಿಟ್ಟು ಹೋಗಿದ್ದದ್ದು ಒಂದು ಒಳಬರುವ ವೈರು, ಒಂದು ಹೊರಹೋಗುವ ವೈರು. ಈಗ ಅಲ್ಲಿ ಮೂರನೆಯದೊಂದಿತ್ತು. ಆಂಪ್ಲಿಫೈಯರಿನಿಂದ ಬಂದ ಕೆಂಪು ತಂತಿಯನ್ನು ಯಾರೋ ಕತ್ತರಿಸಿ ಟೇಪು ಸುತ್ತಿದ್ದರು. ಸ್ಪೀಕರಿನ ಕಡೆಯ ಕೆಂಪು ತಂತಿಯನ್ನು ಆ ಹೊಸ ವೈರಿಗೆ ಹೆಣೆದಿದ್ದರು. ಕಪ್ಪು ತಂತಿಗಳನ್ನು ಮಾತ್ರ, ಸೋಮಾರಿತನದಿಂದಲೋ ಅವಸರದಿಂದಲೋ, ಮೂರನ್ನೂ ಸೇರಿಸಿ ಒಂದೇ ಗಂಟು ಹಾಕಿದ್ದರು.

"ಅಮ್ಮ, ಇಲ್ಲಿ ಯಾರೋ..." ಎಂದು ಶುರುಮಾಡಿದವಳು ಅರ್ಧಕ್ಕೇ ನಿಂತಳು.

ಅವಳ ಮುಖದ ಬಣ್ಣ ಬದಲಾದದ್ದನ್ನು ಇನ್ಸ್‌ಪೆಕ್ಟರಮ್ಮ ಕೆಳಗಿನಿಂದಲೇ ಕಂಡರು. ಮಗಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳಿನಿಂದ ಆ ಮೂಕ ಸ್ಪೀಕರನ್ನು ತೋರಿಸಿ, ತನ್ನ ಕಿವಿಯನ್ನು ಮುಟ್ಟಿಕೊಂಡಳು.

ಇಡೀ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರಮ್ಮ ಯಾರಿಂದಲೂ ಎರಡು ಸಲ ಹೇಳಿಸಿಕೊಂಡವರಲ್ಲ.

"ಯಾರೋ ಜೇಡರ ಬಲೆ ಕೂಡ ತೆಗೆದಿಲ್ಲ ಅಂತೀಯಾ?" ಎಂದರು, ಎಲ್ಲರಿಗೂ ಕೇಳಿಸುವ ಹಾಗೆ, ಆಕಳಿಸುತ್ತ. "ಇಳಿ ಕೆಳಗೆ. ಅಡಾಪ್ಟರೋ ಗಿಡಾಪ್ಟರೋ ಕೆಟ್ಟಿರಬೇಕು. ಮೇಡಂ, ಒಂದು ಲೋಟ ಕಾಫಿ ಸಿಗುತ್ತಾ?"

ತಾನು ಬಾಯಿಬಿಡುವ ಮೊದಲೇ ತಾಯಿ ಮಾತು ತಿರುಗಿಸಿದ ರೀತಿಗೆ ಸಿಡುಕಿಯ ಕಣ್ಣು ಮಿನುಗಿತು.

*

ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅವಳು ತಾಯಿಗೂ ಮೇಡಂಗೂ ತಗ್ಗಿದ ದನಿಯಲ್ಲಿ ಹೇಳಿದಳು.

"ಸ್ಪೀಕರೂ ಮೈಕೂ ಅಣ್ಣತಮ್ಮಂದಿರು. ಸ್ಪೀಕರಿಗೆ ಕರೆಂಟ್ ಕೊಟ್ರೆ ಅದರ ಪರದೆ ಅಲ್ಲಾಡಿ ಸದ್ದು ಬರುತ್ತೆ. ಅದರ ಮುಂದೆ ನಾವು ಮಾತಾಡಿದ್ರೆ ಪರದೆ ಅಲ್ಲಾಡಿ ಕರೆಂಟ್ ಬರುತ್ತೆ. ಚೂರೇ ಚೂರು. ಆದ್ರೆ ಆ ಚೂರನ್ನ ಹಿಡಿದು ದೊಡ್ಡದು ಮಾಡೋ ಡಬ್ಬಿ ಇದ್ರೆ ಸಾಕು. ಆ ಬಲಗಡೆ ಸ್ಪೀಕರ್ ಮಾತಾಡೋದು ಬಿಟ್ಟು ಕೇಳಿಸ್ಕೊಳ್ಳೋಕೆ ಶುರುಮಾಡಿದೆ ಮೇಡಂ."

ಮೇಡಂ ಕಲ್ಲಿನ ಮೇಲೆ ಕುಳಿತುಬಿಟ್ಟರು. "ಹಾಗಾದ್ರೆ ವೆಲ್ಡರ್ ಹೇಳಿದ್ದೆಲ್ಲ..."

"ಹೌದು. ಆ ಡಬ್ಬಿಗೆ ಬೇರೆ ಕಡೆಯಿಂದ ಕರೆಂಟು, ಬೇರೆ ಅರ್ತಿಂಗು. ಕಪ್ಪು ತಂತಿ ಬೇರೆ ಮಾಡದೆ ಬಿಟ್ಟಿದ್ದಕ್ಕೆ ಎರಡು ಅರ್ತಿಂಗೂ ಒಂದಕ್ಕೊಂದು ತಗಲಿಕೊಂಡ್ವು. ಅದೇ ಗುಂಯ್. ಕಳ್ಳ ಅಚ್ಚುಕಟ್ಟಾಗಿ ಕೆಲಸ ಮಾಡಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ." ಅವಳು ಮೂಗು ಮುರಿದಳು. "ಅಷ್ಟು ಕೆಟ್ಟ ಕೆಲಸ ಮಾಡಿ ಹೆಸರು ಮಾತ್ರ ನನ್ನದು ಕೆಡಿಸಿದಾನೆ."

ಆ ಸಿಟ್ಟು ಇನ್ಸ್‌ಪೆಕ್ಟರಮ್ಮನಿಗೆ ಬಹಳ ಹಿಡಿಸಿತು. ತಾವು ಎಷ್ಟೋ ಮನೆಗಳ ಅಟ್ಟ, ಮೋರಿ, ಬಾವಿ ಜಾಲಾಡಿಸಿದವರು. ಬರಿಯ ಒಂದು ಸದ್ದಿನ ಜಾಡು ಹಿಡಿದು ಕಳ್ಳನ ಕೈವರೆಗೆ ಬಂದವರನ್ನು ಇಲಾಖೆಯಲ್ಲಿ ಕಂಡಿರಲಿಲ್ಲ. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಸೆರಗಿನ ತುದಿಯಿಂದ ಮಗಳ ಕೆನ್ನೆಯ ದೂಳು ಒರೆಸಿದರು, ಅಷ್ಟೇ.

ಮೂರನೆಯ ವೈರು ಹೋಗಿ ಸೇರಿದ್ದು ಪಡಸಾಲೆಯ ಇನ್ವರ್ಟರ್ ಕಪಾಟಿಗೆ. ಬ್ಯಾಟರಿಯ ಹಿಂದೆ ಅಂಗೈಯಗಲದ ಒಂದು ಕಪ್ಪು ಡಬ್ಬಿ ಅಂಟಿಸಿತ್ತು. ಅದರ ಪಕ್ಕದಲ್ಲಿ ಸಿಮ್ ಕಾರ್ಡಿನ ಕಿಂಡಿ. ಅಂದರೆ ಕೇಳಿಸಿಕೊಳ್ಳುವವನು ಎಲ್ಲಾದರೂ ಕುಳಿತು ಕೇಳಬಹುದು. ಸಿಡುಕಿ ಕೈ ಚಾಚಿದಳು. ತಾಯಿ ಮಣಿಕಟ್ಟು ಹಿಡಿದು ತಡೆದರು.

"ಇರಲಿ. ನಾವು ನೋಡಿದ್ದು ಅವನಿಗೆ ಗೊತ್ತಾಗೋದು ಬೇಡ."

"ಮರಿಸಾಹೇಬರಿಗೆ ಹೇಳೋಣ್ವಾ?" ಎಂದರು ಮೇಡಂ. "ಸೇತುವೆ ಕೇಸು ಅವರ ಕೈಯಲ್ಲೇ ಇರೋದು."

ಮರಿಸಾಹೇಬ ಇನ್ಸ್‌ಪೆಕ್ಟರಮ್ಮನ ಕೈಯಲ್ಲೇ ಪಳಗಿದ ಅಧಿಕಾರಿ. ಸೆಲ್ಯೂಟ್ ಹೊಡೆಯಲೂ ಬರದ ಹೊಸಬನಿಗೆ ಪ್ರಶ್ನೆ ಹೇಗೆ ಕೇಳಬೇಕು, ಯಾವಾಗ ಸುಮ್ಮನಿರಬೇಕು, ಗೊತ್ತಿರುವುದನ್ನೂ ಗೊತ್ತಿಲ್ಲದವನ ಹಾಗೆ ಹೇಗೆ ಕೇಳಬೇಕು, ಸಾಕ್ಷಿಯನ್ನು ಎಲ್ಲಿ ಬಚ್ಚಿಡಬೇಕು ಎಂದು ಕಲಿಸಿದ್ದು ಅವರು. ಈಗ ಅವರದೇ ಕುರ್ಚಿಯಲ್ಲಿ ಕುಳಿತಿದ್ದ. ಅವನ ಮಾತು ಬಂದಾಗೆಲ್ಲ ಅವರು ಒಂದು ಕೈ ಅನ್ನ ಹೆಚ್ಚು ಉಣ್ಣುತ್ತಿದ್ದರು ಎಂದು ಸಿಡುಕಿ ಚುಡಾಯಿಸುವುದಿತ್ತು.

"ಹೇಳೋಣ. ಅದಕ್ಕೆ ಮೊದಲು ನಿಮ್ಮ ತಮ್ಮನ ಹತ್ತಿರ ಎರಡು ಮಾತು ಆಡಬೇಕು."

*

ಟಾಕೀಸು ಊಟದ ಮೇಜಿನ ಮುಂದೆ ಕುಳಿತಿದ್ದರು. ಇನ್ಸ್‌ಪೆಕ್ಟರಮ್ಮ ಎದುರಿಗೆ ಕುರ್ಚಿ ಎಳೆದುಕೊಂಡರು. ಸಿಡುಕಿ ಬಾಗಿಲಿಗೆ ಒರಗಿ ನಿಂತಳು. ಮೇಡಂ ತಮ್ಮನ ಬಲಪಕ್ಕ ಕುಳಿತರು.

"ದಿನಾ ಅಲ್ಲಿ ಸಿನಿಮಾ ನೋಡ್ತೀರಿ."

"ನೋಡ್ತೀನಿ. ತಪ್ಪಾ?"

"ನಿನ್ನೆ?"

"ನಿನ್ನೆಯೂ ನೋಡ್ದೆ. ಹಡಗು ಮುಳುಗೋ ಸಿನಿಮಾ."

"ಸದ್ದು ಹೇಗಿತ್ತು?"

ಟಾಕೀಸಿನ ಎದೆ ಉಬ್ಬಿತು. "ಅಲೆ ಬಂದು ನಾಲ್ಕೂ ಕಡೆಯಿಂದ ಬಡೀತಿತ್ತು. ಗುಂಯ್ ಅನ್ನೋದೊಂದು ಬಿಟ್ರೆ ಏನೂ ಕೊರತೆ ಇಲ್ಲ. ನನ್ನ ಕಿವಿ ಸುಳ್ಳು ಹೇಳಲ್ಲ."

"ಬಲಗಡೆ ಹಿಂದಿನಿಂದಲೂ ಬಡೀತಾ?"

"ಬಡೀತಮ್ಮ."

"ಅಲ್ಲಿನ ಸ್ಪೀಕರ್ ಸತ್ತು ವಾರಗಟ್ಟಲೆ ಆಗಿದೆ," ಎಂದಳು ಸಿಡುಕಿ.

ಟಾಕೀಸು ಮುಂದಿದ್ದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಇನ್ವರ್ಟರಿನವರು ಬಂದ ದಿನ ಮನೇಲಿದ್ದದ್ದು ನೀವೊಬ್ಬರೇ," ಎಂದರು ಇನ್ಸ್‌ಪೆಕ್ಟರಮ್ಮ. ದನಿ ಏರಿಸಲಿಲ್ಲ. "ಅವತ್ತಿನಿಂದ ಆ ಸ್ಪೀಕರ್ ಮೂಕ. ಇಷ್ಟು ಒಳ್ಳೆ ಕಿವಿ ಇಟ್ಕೊಂಡು ನೀವು ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ಈ ಹುಡುಗಿ ಮೇಲೆ ಮಾತ್ರ ಗೂಬೆ ಕೂರಿಸಿದ್ರಿ. ಯಾಕೆ?"

ಮೇಡಂ ತಮ್ಮನ ಬಲಗಿವಿಯ ಹತ್ತಿರ ಬಾಗಿ, ತೀರಾ ಮೆಲ್ಲಗೆ, "ನೀನಾ ಕಣೋ?" ಎಂದರು.

ಆತ ತಿರುಗಲಿಲ್ಲ. ರೆಪ್ಪೆ ಕೂಡ ಹೊಡೆಯಲಿಲ್ಲ. ಇನ್ಸ್‌ಪೆಕ್ಟರಮ್ಮನನ್ನೇ ನೋಡುತ್ತಿದ್ದರು.

ಸಿಡುಕಿ ಬಾಗಿಲು ಬಿಟ್ಟು ಮುಂದೆ ಬಂದಳು. ಅವರ ಬೆನ್ನ ಹಿಂದೆ ನಿಂತು, ಬಲಗಿವಿಯ ಪಕ್ಕ ಬೆರಳು ಚಿಟಿಕೆ ಹೊಡೆದಳು. ಏನೂ ಇಲ್ಲ. ಎಡಗಿವಿಯ ಪಕ್ಕ ಹೊಡೆದಳು. ಟಾಕೀಸು ಬೆಚ್ಚಿ ತಿರುಗಿದರು.

ಆತನೇ ಅರ್ಥ ಮಾಡಿಕೊಂಡರು. ಉಬ್ಬಿದ್ದ ಎದೆ ಇಳಿಯಿತು.

"ಹೋಗಿ ಒಂದು ವರ್ಷವಾಯ್ತು," ಎಂದರು ಕೊನೆಗೆ. "ಒಂದು ದಿನ ಬೆಳಿಗ್ಗೆ ಎದ್ದೆ, ಬಲಗಡೆ ಪ್ರಪಂಚವೇ ಇಲ್ಲ. ಡಾಕ್ಟರು ಬರಲ್ಲ ಅಂದ್ರು. ಅಕ್ಕನಿಗೆ ಹೇಳ್ಲಾ? ಮಕ್ಕಳಿಗೆ ಹೇಳ್ಲಾ? ನನ್ನ ಹತ್ತಿರ ಇದ್ದ ಬಂಡವಾಳವೇ ಕಿವಿ ಒಂದು."

ಮೇಡಂ ಕೈ ತಮ್ಮನ ಭುಜದ ಮೇಲೆ ಹೋಯಿತು. ಆತ ಅದನ್ನು ಸರಿಸಲಿಲ್ಲ.

"ಇನ್ವರ್ಟರಿನವರನ್ನ ನಾನು ಕರೆಸಲಿಲ್ಲ," ಎಂದರು. "ಯಾರೋ ಫೋನ್ ಮಾಡಿದ್ರು. ಅರ್ಧ ಕೇಳಿಸ್ತು. ಮೇಡಂ ಹೇಳಿದ್ದಾರೆ ಅಂದ ಹಾಗಾಯ್ತು. ಮತ್ತೊಂದ್ಸಲ ಹೇಳಿ ಅನ್ನೋಕೆ ನಾಚಿಕೆ. ಹ್ಞೂಂ ಅಂದೆ. ಬಂದ್ರು, ಏಣಿ ಹಾಕ್ಕೊಂಡ್ರು, ಹೋದ್ರು." ಸಿಡುಕಿಯ ಕಡೆ ತಿರುಗಿದರು. "ನೀನು ಎಳೆದ ವೈರಲ್ಲಿ ಎಲೆ ಬಿದ್ದದ್ದು ಕೇಳಿಸ್ತಿತ್ತಮ್ಮ. ನನಗೇ ಕೇಳಿಸದ ಮೇಲೆ ನಿನ್ನ ಕೆಲಸವೇ ಕೆಟ್ಟಿದೆ ಅನ್ನೋದು ಸುಲಭ ಆಯ್ತು."

ಸಿಡುಕುವುದಕ್ಕೆ ಅವಳಿಗೆ ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅವಳು ಸಿಡುಕಲಿಲ್ಲ. "ನಿಮ್ಮ ಕುರ್ಚಿ ಜಾಗ ಬದಲಾಯಿಸಿ ಕೊಡ್ತೀನಿ," ಎಂದಳು. "ಬಲಗಡೆ ಸದ್ದೆಲ್ಲ ಎಡಕ್ಕೆ ತರೋಕಾಗುತ್ತೆ. ಯಾರಿಗೂ ಗೊತ್ತಾಗಲ್ಲ."

ಆತ ಲೋಟ ಎತ್ತಿ ಕಾಫಿ ಕುಡಿಯುವ ನೆಪದಲ್ಲಿ ಮುಖ ಮುಚ್ಚಿಕೊಂಡರು.

*

ಬಲೆಯ ಯೋಚನೆ ಸಿಡುಕಿಯದು. ಕಳ್ಳನ ಕಿವಿ ಎಲ್ಲಿದೆ ಎಂದು ಗೊತ್ತಿದ್ದ ಮೇಲೆ ಅದರಲ್ಲಿ ನಮಗೆ ಬೇಕಾದ ಮಾತು ಸುರಿಯಬಹುದಲ್ಲ ಎಂದಳು. ವೈರುಗಳನ್ನೆಲ್ಲ ಇದ್ದ ಹಾಗೇ ಸಿಕ್ಕಿಸಿದಳು. ಗುಂಯ್ ಮರಳಿತು.

ಇನ್ಸ್‌ಪೆಕ್ಟರಮ್ಮ ಮಧ್ಯದ ಕುರ್ಚಿಯಲ್ಲಿ ಕುಳಿತರು. ಏನು ಹೇಳುತ್ತಾರೆಂದು ಮೇಡಂಗಾಗಲಿ ಮಗಳಿಗಾಗಲಿ ಗೊತ್ತಿರಲಿಲ್ಲ. ಅವರಿಗೂ ಆ ಹೊತ್ತಿಗೇ ಹೊಳೆದದ್ದು.

"ಬಾಗಿಲು ಹಾಕಿದೆ ತಾನೆ? ನಿಮಗೊಬ್ಬರಿಗೇ ಹೇಳ್ತೀನಿ ಮೇಡಂ. ವೆಲ್ಡರ್ ಸಂಸಾರ ಗಡಿಯಾರ ರಿಪೇರಿ ಅಂಗಡಿ ಮೇಲಿನ ಮನೇಲಿದೆ. ಹಿಂದುಗಡೆ ಕಬ್ಬಿಣದ ಸುರುಳಿ ಮೆಟ್ಟಿಲು. ನನ್ನ ಮಂಡಿಗೆ ಅದನ್ನ ಹತ್ತೋದೇ ದೊಡ್ಡ ಶಿಕ್ಷೆ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಬರ್ತೀನಿ."

"ಪೊಲೀಸರಿಗೆ ಹೇಳಿದೀರಾ?" ಎಂದರು ಮೇಡಂ, ತಾವೂ ನಟಿಸುತ್ತ.

"ಯಾರಿಗೂ ಇಲ್ಲ."

ಯಾವ ಜಾಗ ಹೇಳಿದರೂ ಅದರ ಸುತ್ತ ಕಣ್ಣಿಡಲು ಇನ್ಸ್‌ಪೆಕ್ಟರಮ್ಮನ ಹಳೆಯ ಸಹೋದ್ಯೋಗಿಗಳು ಕೆಲವರು ಒಪ್ಪಿದ್ದರು. ಅವರಿಗೆ ಗಡಿಯಾರದ ಅಂಗಡಿಗಳ ವಿಷಯ ತಿಳಿಸಿ, ಮರಿಸಾಹೇಬನಿಗೂ ಫೋನ್ ಮಾಡೋಣ ಎಂದು ಅವರು ಪಡಸಾಲೆಗೆ ಬಂದು ಮೊಬೈಲ್ ತೆಗೆಯುವಷ್ಟರಲ್ಲಿ, ಅದೇ ರಿಂಗಣಿಸಿತು. ಅವನೇ.

"ನೋಡು, ನೆನೆಸಿಕೊಂಡೆ, ಅವನೇ ಮಾಡಿದ," ಎಂದು ಮಗಳಿಗೆ ಹೇಳಿ, ನಗುತ್ತಲೇ ಕಿವಿಗಿಟ್ಟುಕೊಂಡರು. ಸಿಡುಕಿ ಕೇಳಿಸಿಕೊಳ್ಳಲು ತಲೆ ಹತ್ತಿರ ತಂದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದಿತು ಆ ಕಡೆಯ ವಿನಯದ ದನಿ. "ಇಂಜಿನಿಯರ್ ಮೇಡಂ ಮನೇಲಿ ಕದ್ದು ಕೇಳೋ ಯಂತ್ರ ಇದೆ ಅಂತ ದೂರು ಬಂದಿದೆ. ವೈರಿಂಗ್ ಮಾಡಿದ್ದು ನಿಮ್ಮ ಮಗಳು. ವಿಚಾರಣೆಗೆ ಕರ್ಕೊಂಡು ಹೋಗಬೇಕು, ಮೇಲಿನಿಂದ ಆದೇಶ. ನಾನೇ ಬರ್ತಿದೀನಿ, ಗೌರವವಾಗಿ ಕರ್ಕೊಂಡು ಹೋಗ್ತೀನಿ."

"ಬಾ," ಎಂದರು ಇನ್ಸ್‌ಪೆಕ್ಟರಮ್ಮ.

"ಇನ್ನೊಂದು ಮಾತು ಮೇಡಂ. ಆ ವೆಲ್ಡರನ್ನೂ ನನಗೆ ಒಪ್ಪಿಸಿಬಿಡಿ. ನೀವು ಈ ವಯಸ್ಸಲ್ಲಿ ಮಂಡಿನೋವು ಇಟ್ಕೊಂಡು ಸುರುಳಿ ಮೆಟ್ಟಿಲು ಹತ್ತಿ ಇಳಿಯೋದು ಯಾಕೆ?"

ಇನ್ಸ್‌ಪೆಕ್ಟರಮ್ಮನ ಮುಖದ ನಗು ಹಾಗೇ ಇತ್ತು. ಕಣ್ಣು ಮಾತ್ರ ಗೋಡೆಯ ಮೇಲೆ ನೆಟ್ಟಿತ್ತು. ಸಿಡುಕಿ ತಾಯಿಯ ಮುಂಗೈ ಹಿಡಿದುಕೊಂಡಳು. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಆ ಮೆಟ್ಟಿಲು ಹುಟ್ಟಿ ಇನ್ನೂ ಕಾಫಿ ಆರುವಷ್ಟು ಹೊತ್ತಾಗಿರಲಿಲ್ಲ.

"ನೀನು ಹೇಳೋದೂ ಸರಿ ಮರಿ," ಎಂದರು ಅವರು, ಹಿಂದೆ ಅವನಿಗೆ ಸೆಲ್ಯೂಟ್ ಕಲಿಸುವಾಗ ಆಡುತ್ತಿದ್ದ ಅದೇ ಅಕ್ಕರೆಯ ದನಿಯಲ್ಲಿ. "ಬಂದು ಮಾತಾಡೋಣ."

ಫೋನ್ ಇಟ್ಟು ಮಗಳ ಕಡೆ ನೋಡಿದರು. ಮಗಳು ಬೆದರಿರಲಿಲ್ಲ. ಕೂದಲನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು.

"ಹೋಗ್ತೀನಮ್ಮ," ಎಂದಳು. "ಅವನ ಜೀಪಲ್ಲೇ ಹೋಗ್ತೀನಿ. ನನ್ನನ್ನ ಒಳಗೆ ಹಾಕಿದ್ರೆ ತಾನು ಗೆದ್ದೆ ಅಂದ್ಕೋತಾನೆ. ನಾಳೆ ಬೆಳಿಗ್ಗೆವರೆಗೆ ಅಂದ್ಕೊಂಡಿರಲಿ."

"ಅವನಿಗೆ ಪ್ರಶ್ನೆ ಕೇಳೋದು ಕಲಿಸಿದ್ದು ನಾನು. ಸುಲಭ ಅಲ್ಲ ಕಣೇ."

"ನನ್ನನ್ನ ಬೆಳೆಸಿದ್ದೂ ನೀನೇ ಅಲ್ವಾ?"

ಇನ್ಸ್‌ಪೆಕ್ಟರಮ್ಮ ಏನೋ ಹೇಳಹೊರಟರು. ಗೇಟಿನ ಹೊರಗೆ ಜೀಪು ನಿಂತ ಸದ್ದಾಯಿತು. ಅವರು ಕಿಟಕಿಯ ಪರದೆ ಸರಿಸಿದರು.

ಮರಿಸಾಹೇಬ ಚಾಲಕನ ಸೀಟಿನಿಂದ ಇಳಿದು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ, ಇಬ್ಬರು ಪೇದೆಗಳ ನಡುವೆ, ತಲೆ ತಗ್ಗಿಸಿ ಕುಳಿತಿದ್ದವನು, ಫೋನ್ ಮಾಡುವ ಮೊದಲೇ ಅವನ ಕೈಗೆ ಸಿಕ್ಕಿಬಿದ್ದಿದ್ದ ವೆಲ್ಡರ್.